ಮರಕ್ಕೆ ರಜೆ ಉಂಟು

ಕನ್ನಡದಲ್ಲಿ 'ಕೈ'ಯಷ್ಟು ದುಡಿಯುವ ಶಬ್ದ ಇನ್ನೊಂದು ಇರಲಾರದು. ಮದುವೆಯಾದರೆ ಕೈಹಿಡಿದಂತೆ, ಎಣಿಸಿದ ಕೆಲಸ ಆದರೆ ಕೈಗೂಡಿದಂತೆ, ಸಾಲ ಕೊಂಡವನು ನಾಪತ್ತೆಯಾದರೆ ಕೈಕೊಟ್ಟಂತೆ. ಮದ್ದು ನಾಟಿದರೆ ವೈದ್ಯರ ಕೈಗುಣ. ಸಾರು ರುಚಿಯಾದರೆ ಅಡುಗೆಯವರ ಕೈರುಚಿ. ರುಚಿಯಾಗದಿದ್ದರೆ ಮಾತ್ರ ತರಕಾರಿಯ ದೋಷ. ಇಷ್ಟೆಲ್ಲ ಕೈಗಳ ನಡುವೆ ಕೆಟ್ಟ ಹೆಸರು ಹೊತ್ತುಕೊಂಡು ನಿಂತದ್ದು ಒಂದೇ – ಕೈಬಿಡುವುದು. ಹಿಡಿಯುವುದು ಪುಣ್ಯ, ಬಿಡುವುದು ಪಾಪ ಎಂದು ನಮ್ಮ ಭಾಷೆಯೇ ತೀರ್ಪು ಕೊಟ್ಟುಬಿಟ್ಟಿದೆ. ಈ ತೀರ್ಪಿನ ಮೇಲೆ ಒಂದು ಮೇಲ್ಮನವಿ ಸಲ್ಲಿಸುವುದು ಈ ಬರಹದ ಉದ್ದೇಶ. ಸಾಕ್ಷಿಗಳು ಮೂರು: ಒಂದು ಗಿಟಾರ್, ಒಂದು ರಬ್ಬರ್ ಮರ, ಮತ್ತು ಎರಡಕ್ಕೂ ಕೈ ಕೊಟ್ಟ ಒಬ್ಬ ಹುಡುಗ.

ಸುಳ್ಯ ತಾಲೂಕಿನ ಒಂದು ಮೂಲೆಯಲ್ಲಿ ಅಡಕೆ ತೋಟ ಮಾಡಿಕೊಂಡು, ಸೋಮವಾರ ಪುತ್ತೂರಿನ ಸಂತೆಗೆ ಹೋಗಿ ಬರುವುದನ್ನೇ ಪ್ರವಾಸ ಎಂದುಕೊಂಡಿರುವ ನನ್ನಂಥವನ ಮನೆಗೆ ಗಿಟಾರ್ ಹೇಗೆ ಬಂತೆಂದು ನೀವು ಕೇಳಬಹುದು. ಮಗ ಬೆಂಗಳೂರಿಗೆ ಉದ್ಯೋಗಕ್ಕೆ ಹೋದ. ಅವನು ಕಾಲೇಜಿನಲ್ಲಿದ್ದಾಗ ಕೊಂಡ ಗಿಟಾರ್ ಮನೆಯಲ್ಲಿ ಉಳಿಯಿತು. ಮಕ್ಕಳು ದೂರ ಹೋದ ಮನೆಗಳಲ್ಲಿ ಇಂಥ ಒಂದೊಂದು ವಸ್ತು ಉಳಿಯುತ್ತದೆ. ಕೆಲವರ ಮನೆಯಲ್ಲಿ ಕ್ರಿಕೆಟ್ ಬ್ಯಾಟು, ಕೆಲವರ ಮನೆಯಲ್ಲಿ ಪಂಕ್ಚರಾದ ಸೈಕಲ್ಲು. ನಮ್ಮ ಚಾವಡಿಯಲ್ಲಿ ಅಪ್ಪನ ಕಾಲದ ಮದ್ದಳೆಯ ಪಕ್ಕದಲ್ಲಿ ಗಿಟಾರ್ ನೇತಾಡತೊಡಗಿತು. ಬಂದವರು, "ಇದೆಂತ ಭಟ್ರೇ, ಯಕ್ಷಗಾನಕ್ಕೆ ಹೊಸ ವಾದ್ಯವಾ?" ಎಂದು ಕೇಳಿದ್ದುಂಟು. ನಾನು ಕದ್ರಿ ಗೋಪಾಲನಾಥರ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ನಮ್ಮ ಬಂಟ್ವಾಳದ ಕಡೆ ಹುಟ್ಟಿದ ಆ ಮಹಾನುಭಾವರು ಸ್ಯಾಕ್ಸೋಫೋನಿನಲ್ಲಿ ತ್ಯಾಗರಾಜರ ಕೀರ್ತನೆ ನುಡಿಸಿ ಲೋಕವನ್ನೇ ಒಪ್ಪಿಸಿದರಲ್ಲ. ಪಿಟೀಲೂ ಕಡಲು ದಾಟಿ ಬಂದದ್ದೇ. ಗಿಟಾರಿಗೆ ಮಾತ್ರ ಯಾಕೆ ಮೈಲಿಗೆ?

ಕಡಬದ ಕಡೆ ಗಿಟಾರ್ ಹೊಸತೇನೂ ಅಲ್ಲ. ತಿರುವಾಂಕೂರಿನಿಂದ ಬಂದು ಗುಡ್ಡ ಕಡಿದು ರಬ್ಬರ್ ನೆಟ್ಟ ಕುಟುಂಬಗಳು ಆ ಸೀಮೆಯಲ್ಲಿ ಬಹಳ. ಅವರ ಇಗರ್ಜಿಗಳ ಗಾಯನ ತಂಡದಲ್ಲಿ ಗಿಟಾರ್ ಹಿಡಿದ ಒಬ್ಬಿಬ್ಬರು ಹುಡುಗರು ಇದ್ದೇ ಇರುತ್ತಾರೆ. ಹಾಗೆ ಸಿಕ್ಕಿದವನು ನನ್ನ ಗುರು. ವಯಸ್ಸಿನಲ್ಲಿ ನನ್ನ ಮಗನಿಗಿಂತ ಎರಡು ವರ್ಷ ದೊಡ್ಡವನು. ಬೆಳಿಗ್ಗೆ ರಬ್ಬರ್ ಟ್ಯಾಪಿಂಗ್, ಸಂಜೆ ಗಿಟಾರ್. ನಮ್ಮ ನೆರೆಯವರ ರಬ್ಬರ್ ತೋಟಕ್ಕೆ ಟ್ಯಾಪಿಂಗಿಗೆ ಬರುತ್ತಿದ್ದವನು ಒಂದು ದಿನ ನೀರು ಕುಡಿಯಲು ನಮ್ಮ ಅಂಗಳಕ್ಕೆ ಬಂದ. ಚಾವಡಿಯ ಗೋಡೆ ನೋಡಿ, "ಅದರ ತಂತಿಗೆ ತುಕ್ಕು ಬಂದಿದೆ" ಎಂದ. ಅಲ್ಲಿಂದ ನಾನು ಅವನನ್ನು ಮಾಷ್ಟ್ರೇ ಎಂದು ಕರೆಯತೊಡಗಿದೆ. ಅವನಿಗೆ ಅದು ಭಾರೀ ಸಂಕೋಚ. ಆದರೆ ಗುರು ಗುರುವೇ.

ಯಾರ ಕೈಗೆ ಮೊದಲ ಬಾರಿ ಗಿಟಾರ್ ಕೊಟ್ಟರೂ ಆ ಕೈ ಮಾಡುವುದು ಒಂದೇ ಕೆಲಸ: ಬಿಗಿಯಾಗಿ ಹಿಡಿಯುವುದು. ನೆರೆಯ ತೋಡಿಗೆ ಬಿದ್ದವನು ಬೇರು ಹಿಡಿಯುವ ಹಾಗೆ. ಹೆಬ್ಬೆರಳು ಹಿಂದಿನಿಂದ ಒತ್ತುತ್ತದೆ, ನಾಲ್ಕು ಬೆರಳು ಮುಂದಿನಿಂದ ಒತ್ತುತ್ತವೆ, ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ, ಹಲ್ಲು ಕಚ್ಚುತ್ತದೆ. ತಂತಿಯ ಮೇಲೆ ಹಲ್ಲಿಗೇನು ಕೆಲಸ? ಆದರೂ ಕಚ್ಚುತ್ತದೆ. ತಂತಿಗಳೂ ಸಾಮಾನ್ಯದವಲ್ಲ. ಉಕ್ಕಿನ ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಆ ಪುಟ್ಟ ಮರದ ಪೆಟ್ಟಿಗೆಯ ಮೇಲೆ ಒಟ್ಟು ಸುಮಾರು 70 ಕಿಲೋ ಎಳೆತ ಬೀಳುತ್ತದೆ. ಒಂದು ಗೋಣಿ ಚಾಲಿ ಅಡಕೆಯಷ್ಟು ಭಾರ ಎಂದುಕೊಳ್ಳಿ. ಈ ಲೆಕ್ಕ ಕೇಳಿದವನು ಇನ್ನಷ್ಟು ಜೋರಾಗಿ ಒತ್ತುತ್ತಾನೆ.

"ಒತ್ತಬೇಡಿ ಭಟ್ರೇ, ಅದು ಎಲ್ಲಿಗೂ ಓಡಿಹೋಗುದಿಲ್ಲ" – ಮಾಷ್ಟ್ರ ಮೊದಲ ಪಾಠ ಇದು. ಎರಡನೆಯ ಪಾಠ ನಾನು ಯಾವ ಪುಸ್ತಕದಲ್ಲೂ ಓದದ್ದು. ಅವನು ನನ್ನನ್ನು ನೆರೆಯ ತೋಟಕ್ಕೆ ಕರೆದುಕೊಂಡು ಹೋಗಿ ಒಂದು ಮರದ ಎದುರು ನಿಲ್ಲಿಸಿದ. ರಬ್ಬರ್ ಮರದ ತೊಗಟೆಯನ್ನು ಕತ್ತಿ ಓರೆಯಾಗಿ, ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪಕ್ಕೆ, ಹಪ್ಪಳದ ಅಂಚಿನಂತೆ ಸೀಳಿ ತೆಗೆಯಬೇಕು. ಮೇಲೆ ಮೇಲೆ ತಾಗಿದರೆ ಹಾಲು ಬರುವುದಿಲ್ಲ. ಆಳಕ್ಕೆ ಇಳಿದರೆ ಒಳಗಿನ ಎಳೆಯ ಪದರಕ್ಕೆ ಗಾಯವಾಗಿ, ಹೊಸ ತೊಗಟೆ ಗಂಟುಗಂಟಾಗಿ ಬೆಳೆದು, ಆ ಜಾಗ ಮುಂದೆ ಕತ್ತಿಗೆ ಒದಗುವುದಿಲ್ಲ. ಹಾಲು ಬರುವಷ್ಟು ಮಾತ್ರ ಆಳ. ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ. "ತಂತಿಯೂ ಹಾಗೇ. ಸ್ವರ ಬರುವಷ್ಟು ಒತ್ತಿದರೆ ಸಾಕು. ಅದಕ್ಕಿಂತ ಮೇಲೆ ಒತ್ತಿದ್ದು ಮರಕ್ಕೆ ಗಾಯ" ಎಂದ. ಇಲ್ಲಿ ಮರ ಎಂದರೆ ನಮ್ಮ ಕೈ.

ಅದನ್ನು ಅಳೆಯುವ ಉಪಾಯವನ್ನೂ ಅವನೇ ತೋರಿಸಿದ; ಕಲಿಯುವ ಎಲ್ಲರಿಗೂ ಉಪಯೋಗಕ್ಕೆ ಬಂದೀತು. ಬೆರಳನ್ನು ತಂತಿಯ ಮೇಲೆ ಒತ್ತದೆ, ಸುಮ್ಮನೆ ನೊಣ ಕೂತ ಹಾಗೆ ಇಡುವುದು. ಬಲಗೈಯಿಂದ ಮೀಟಿದರೆ 'ಟಕ್' ಎಂಬ ಸತ್ತ ಶಬ್ದ ಬರುತ್ತದೆ. ಮೀಟುತ್ತಲೇ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸಿದರೆ ಮೊದಲು ಜೀರುಂಡೆಯ ಗುಂಯ್, ಆಮೇಲೆ ಒಂದು ಗಳಿಗೆಯಲ್ಲಿ ಸ್ವರ ಶುದ್ಧವಾಗುತ್ತದೆ. ಅಲ್ಲಿಗೆ ನಿಲ್ಲಬೇಕು. ಆ ಹಂತ ನಾವು ಎಣಿಸಿದ್ದಕ್ಕಿಂತ ಎಷ್ಟೋ ಮೊದಲೇ ಬರುತ್ತದೆ ಎಂಬುದು ಪ್ರತಿಯೊಬ್ಬರಿಗೂ ಆಶ್ಚರ್ಯ. ವೀಣೆಯಲ್ಲಿ ನಾವು ಮೆಟ್ಟಿಲು ಎನ್ನುವುದನ್ನು ಗಿಟಾರಿನವರು ಫ್ರೆಟ್ ಎನ್ನುತ್ತಾರೆ. ಆ ಫ್ರೆಟ್ಟಿನ ಬೆನ್ನಿಗೇ, ಆದರೆ ಅದರ ಮೇಲೆ ಹತ್ತದಂತೆ, ಬೆರಳಿಟ್ಟರೆ ಕಡಿಮೆ ಬಲ ಸಾಕು. ಎರಡು ಫ್ರೆಟ್ಟಿನ ನಡುವೆ ಇಟ್ಟರೆ ಹೆಚ್ಚು ಬೇಕು. ಆಮೇಲೆ ಹೆಬ್ಬೆರಳನ್ನು ಪೂರ್ತಿ ತೆಗೆದು ನುಡಿಸಿ ನೋಡುವುದು. ತೋಳಿನ ಭಾರವೇ ಬೆರಳನ್ನು ತಂತಿಗೆ ಒಯ್ಯುತ್ತದೆ. ಹೆಬ್ಬೆರಳು ಅಲ್ಲಿರುವುದು ದಾರಿ ತೋರಿಸಲಿಕ್ಕೆ, ಇಕ್ಕುಳ ಹಾಕಲಿಕ್ಕೆ ಅಲ್ಲ.

ಇದರ ಹಿಂದಿನ ಶಾಸ್ತ್ರವನ್ನು ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ಬೆರಳು ಮಡಚುವ ಬಲವಾದ ಸ್ನಾಯುಗಳು ಬೆರಳಿನಲ್ಲಿ ಇಲ್ಲವೇ ಇಲ್ಲ, ಅವು ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂಥ ಸ್ನಾಯುರಜ್ಜುಗಳು ಮಣಿಕಟ್ಟಿನ ಒಂದು ಇಕ್ಕಟ್ಟಾದ ಓಣಿಯ ಮೂಲಕ ಹಾದು ಬೆರಳಿಗೆ ಬರುತ್ತವೆ. ಒಂಬತ್ತು ರಜ್ಜು, ಜತೆಗೆ ಒಂದು ನರ. ಸುಳ್ಯ ಪೇಟೆಯ ಬೆಳಗಿನ ಬಸ್ಸಿನಂತೆ ಅಲ್ಲಿ ನಿಲ್ಲಲೂ ಜಾಗವಿಲ್ಲ. ಮಣಿಕಟ್ಟು ನೇರ ಇರುವಷ್ಟು ಹೊತ್ತು ಹೇಗೋ ಪ್ರಯಾಣ ಸಾಗುತ್ತದೆ. ಮಣಿಕಟ್ಟನ್ನು ಮಡಚಿ, ಮೇಲಿನಿಂದ ಬಲ ಹಾಕಿ, ಗಂಟೆಗಟ್ಟಲೆ ದುಡಿಸಿದರೆ ರಜ್ಜುಗಳು ತಿಕ್ಕಾಡಿ ಬಾತುಕೊಳ್ಳುತ್ತವೆ. ಪಾಪದ ನರ ಅದುಮಿ ಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ – ಇಷ್ಟಕ್ಕೆ ರಾತ್ರಿ ಜೋಮು ಹಿಡಿಯುತ್ತದೆ. ಎಚ್ಚರವಾಗಿ ಕೈ ಕೊಡವಬೇಕಾಗುತ್ತದೆ.

ಈ ಕೈ ಕೊಡವುವುದು ನಮ್ಮ ಸೀಮೆಗೆ ಹೊಸತಲ್ಲ. ಅಡಕೆ ಸುಲಿಯುವವರು ಕೊಡವುತ್ತಾರೆ. ಬೀಡಿ ಕಟ್ಟುವ ಹೆಂಗಸರು ಕೊಡವುತ್ತಾರೆ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಸಾವಿರ ಎಂದರೆ ಸಾವಿರ ಸಲ ಎಲೆ ಸುತ್ತಿ, ಸಾವಿರ ಸಲ ತುದಿ ಮಡಚಿ, ಸಾವಿರ ಸಲ ನೂಲು ಬಿಗಿಯಬೇಕು. ಆದರೆ ಅವರ ಬೆರಳನ್ನು ನೀವು ಗಮನಿಸಿ ನೋಡಬೇಕು. ಹಳಬರು ಎಲೆಯನ್ನು ಹಿಂಡುವುದಿಲ್ಲ. ಹಿಂಡಿದರೆ ಎಲೆ ಸೀಳುತ್ತದೆ. ಮಾತಾಡುತ್ತ, ನಗುತ್ತ, ಮೊರದ ಕಡೆ ನೋಡದೆಯೇ ಸುತ್ತುತ್ತಾರೆ. ಹೊಸತಾಗಿ ಕಲಿಯುವ ಹುಡುಗಿ ಮಾತ್ರ ನಾಲಿಗೆ ಕಚ್ಚಿಕೊಂಡು ಕೂತಿರುತ್ತಾಳೆ. ಕೈಚಳಕ ಎಂದು ನಾವು ಹೊಗಳುವುದು ಬಲವನ್ನಲ್ಲ, ಬೇಡದ ಬಲ ಎಲ್ಲಿ ಬಿಡಬೇಕು ಎಂಬ ಆ ತಿಳಿವಳಿಕೆಯನ್ನು. ದುಡಿಯುವವರ ಕೈನೋವನ್ನು ಮೊದಲಾಗಿ ಗಂಭೀರವಾಗಿ ಬರೆದಿಟ್ಟ ವೈದ್ಯರಲ್ಲಿ ಇಟಲಿಯ ರಾಮಾಝೀನಿ ಒಬ್ಬರು. 1713ರಲ್ಲಿಯೇ ಅವರು ಗುಮಾಸ್ತರ ಕೈಗೆ ಬರುವ ಸೋಲಿನ ಕಾರಣವನ್ನು ಹೇಳಿದ್ದರು: ಲೇಖನಿಯನ್ನು ಬಿಡದೆ ಹಿಡಿದುಕೊಂಡೇ ಇರುವುದು. ಲೇಖನಿ ಎಷ್ಟು ತೂಗುತ್ತದೆ? ಭಾರ ಲೇಖನಿಯದ್ದಲ್ಲ, ಹಿಡಿತದ್ದು.

ಸಂಗೀತದಲ್ಲಿ ಮಾತ್ರ ಈ ಬುದ್ಧಿ ಯಾಕೋ ತಡವಾಗಿ ಬರುತ್ತದೆ. ನೋವು ಉಂಡಷ್ಟೂ ಸಾಧನೆ ದೊಡ್ಡದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಬೆರಳು ಸೀಳಿ ರಕ್ತ ಬಂದರೂ ಬಿಡದೆ ನುಡಿಸಿದವರ ಕತೆಗಳನ್ನು ನಾವು ಭಕ್ತಿಯಿಂದ ಹೇಳುತ್ತೇವೆ. ಹಾಗೆ ನುಡಿಸಿ ಕೈ ಕಳೆದುಕೊಂಡವರ ಕತೆ ಹೇಳಲು ಯಾರೂ ಉಳಿದಿರುವುದಿಲ್ಲ. ಜರ್ಮನಿಯ ಶೂಮನ್ ಇಪ್ಪತ್ತರ ಹರೆಯದಲ್ಲೇ ಬಲಗೈಯ ಬೆರಳು ಕೆಡಿಸಿಕೊಂಡು ಪಿಯಾನೋ ವಾದಕನಾಗುವ ಆಸೆ ಬಿಟ್ಟ. ಸಂಗೀತ ರಚನೆ ಅವನನ್ನು ಉಳಿಸಿತು. ಅಮೆರಿಕದ ಲಿಯಾನ್ ಫ್ಲೈಶರ್ 1964ರ ಹೊತ್ತಿಗೆ, ಕೀರ್ತಿಯ ಶಿಖರದಲ್ಲಿದ್ದಾಗ, ಬಲಗೈಯ ಬೆರಳುಗಳು ತಾವಾಗಿ ಒಳಕ್ಕೆ ಮಡಚಿಕೊಳ್ಳತೊಡಗಿ ವೇದಿಕೆಯಲ್ಲಿ ಎರಡೂ ಕೈಯಲ್ಲಿ ನುಡಿಸಲಾರದವರಾದರು. ದಶಕಗಳ ಕಾಲ ಎಡಗೈಗೆಂದು ಬರೆದ ಕೃತಿಗಳನ್ನಷ್ಟೇ ನುಡಿಸಿದರು. 'ಎರಡು ಕೈಗಳು' ಎಂಬ ಅರ್ಥದ ಹೆಸರಿನ ಧ್ವನಿಮುದ್ರಿಕೆ ಅವರಿಂದ ಬಂದದ್ದು 2004ರಲ್ಲಿ. ನಲುವತ್ತು ವರ್ಷ!

ನಮ್ಮ ಯಕ್ಷಗಾನದ ಹಿರಿಯರು ಈ ವಿಷಯದಲ್ಲಿ ಜಾಣರು ಎನ್ನಬೇಕು. ಬೆಳಗಿನವರೆಗಿನ ಆಟದಲ್ಲಿ ಒಬ್ಬನೇ ಭಾಗವತ, ಒಬ್ಬನೇ ಮದ್ದಳೆಗಾರ ಇಡೀ ರಾತ್ರಿ ಎಳೆಯುವ ಕ್ರಮ ಇರಲಿಲ್ಲ. ಪೂರ್ವರಂಗಕ್ಕೆ ಎಳೆಯರು, ಪ್ರಸಂಗ ಏರಿದ ಮೇಲೆ ಹಿರಿಯರು. ಒಬ್ಬ ಚೆಂಡೆಯವ ಕೋಲು ಕೆಳಗಿಟ್ಟು ಚೌಕಿಯ ಕಡೆ ಹೋದರೆ ಇನ್ನೊಬ್ಬ ಬಂದು ನಿಲ್ಲುತ್ತಾನೆ. ತೆಂಕುತಿಟ್ಟಿನ ಚೆಂಡೆಯ ಅಬ್ಬರ ಕೇಳಿದವರು ಅದು ತೋಳ್ಬಲದ್ದು ಎಂದುಕೊಳ್ಳುತ್ತಾರೆ. ಬಲ್ಲವರ ಕೈ ನೋಡಿದರೆ ಗೊತ್ತಾಗುತ್ತದೆ: ಕೋಲು ಚರ್ಮಕ್ಕೆ ಬಿದ್ದು ತಾನೇ ಪುಟಿಯುತ್ತದೆ, ಕೈ ಅದನ್ನು ತಡೆಯದೆ ಜತೆಗೆ ಏಳುತ್ತದೆ, ಅಷ್ಟೆ. ಪ್ರತಿ ಪೆಟ್ಟಿನ ನಡುವೆಯೂ ಕೈಗೆ ಒಂದು ಚಿಟಿಕೆ ವಿಶ್ರಾಂತಿ. ನಮ್ಮ ಚಾವಡಿಯ ಮದ್ದಳೆಯನ್ನು ಅಪ್ಪ ನುಡಿಸುತ್ತಿದ್ದಾಗ ಅವರ ಮಣಿಕಟ್ಟು ಬಾಳೆಯ ಎಳೆ ಎಲೆ ಗಾಳಿಗೆ ಆಡಿದಂತೆ ಆಡುತ್ತಿತ್ತು.

ನಮ್ಮ ಊರಿನ ಮಳೆಯೂ ಗಿಟಾರಿನ ಕಷ್ಟಕ್ಕೆ ಒಂದು ಪಾಲು ಸೇರಿಸುತ್ತದೆ. ಆಟಿ ತಿಂಗಳಲ್ಲಿ ಹಪ್ಪಳ ಮೆತ್ತಗಾಗುವಂತೆ, ಬಾಗಿಲು ಉಬ್ಬಿ ಮುಚ್ಚಲಾರದಂತೆ, ಗಿಟಾರಿನ ಮರವೂ ತೇವ ಹೀರಿ ಉಬ್ಬುತ್ತದೆ. ಹೊಟ್ಟೆ ಮೇಲೆದ್ದಾಗ ತಂತಿಯೂ ಮೇಲೇಳುತ್ತದೆ. ಹನ್ನೆರಡನೆಯ ಫ್ರೆಟ್ಟಿನಲ್ಲಿ ಎರಡೂವರೆ ಮಿಲಿಮೀಟರಿನಷ್ಟು ಎತ್ತರದಲ್ಲಿದ್ದರೆ ಬೆರಳಿಗೆ ಹಿತವಾದ ತಂತಿ ಅದಕ್ಕಿಂತ ಮೇಲೆ ಹೋದಷ್ಟೂ ಒತ್ತುವ ಶ್ರಮ ಹೆಚ್ಚು. ಎಷ್ಟೋ ಮಂದಿ ಮಕ್ಕಳು ತಮ್ಮ ಬೆರಳಿಗೆ ಶಕ್ತಿಯಿಲ್ಲವೆಂದು ಗಿಟಾರ್ ಮೂಲೆಗಿಡುತ್ತಾರೆ. ಶಕ್ತಿ ಉಂಟು, ತಂತಿಯ ಎತ್ತರ ಸರಿಯಿಲ್ಲ. ತಿಳಿದವರ ಕೈಯಿಂದ ಅದನ್ನು ಇಳಿಸಿಕೊಳ್ಳಬಹುದು. ನೈಲಾನ್ ತಂತಿಯ ಗಿಟಾರೇ ಬೇರೆ ಉಂಟು. ಅದರ ಒಟ್ಟು ಎಳೆತ ಸುಮಾರು 40 ಕಿಲೋ ಮಾತ್ರ. ಒತ್ತುವ ಗೊಡವೆಯೇ ಬೇಡ ಎಂದರೆ ಬ್ರಿಜ್‌ಭೂಷಣ್ ಕಾಬ್ರಾ ಅವರ ದಾರಿ ಉಂಟು: ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ಅವರು ರಾಗ ನುಡಿಸಿದರು. ವಾದ್ಯಕ್ಕೆ ಮೈಯನ್ನು ಬಗ್ಗಿಸುವುದಲ್ಲ, ಮೈಗೆ ವಾದ್ಯವನ್ನು ಒಗ್ಗಿಸುವುದು.

ಇಷ್ಟೆಲ್ಲ ಗೊತ್ತಿದ್ದ ನನ್ನ ಮಾಷ್ಟ್ರ ಕೈಯೇ ಒಂದು ವರ್ಷ ಕೆಟ್ಟಿತು. ಗಿಟಾರಿನಿಂದ ಅಲ್ಲ, ಕತ್ತಿಯಿಂದ, ಅಥವಾ ಎರಡರಿಂದಲೂ. ನಸುಕಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ಹೊರಟರೆ ಮುನ್ನೂರು ಮರ. ಮರಕ್ಕೆ ಇಂತಿಷ್ಟು ಎಂದು ಕೂಲಿ, ಆದ್ದರಿಂದ ನಡುವೆ ನಿಲ್ಲುವ ಹಾಗಿಲ್ಲ. ಮದುವೆಯ ಋತುವಿನಲ್ಲಿ ರಾತ್ರಿ ಆರ್ಕೆಸ್ಟ್ರಾ. ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗು, ಸೊಸೈಟಿಯ ಸಾಲ. ಮೊದಲು ರಾತ್ರಿಯ ಜೋಮು, ಮುರಿವೆಣ್ಣೆ ತಿಕ್ಕಿದ. ಆಮೇಲೆ ಹಗಲೂ ಜೋಮು. ಒಂದು ದಿನ ನಮ್ಮ ಜಗಲಿಯಲ್ಲಿ ಕಾಫಿ ಲೋಟ ಅವನ ಕೈಯಿಂದ ಜಾರಿ ಬಿತ್ತು. ನನ್ನ ಹೆಂಡತಿ ಅಳಿದ ಕಾಫಿ ಒರೆಸುತ್ತ ಏನೂ ಆಗಿಲ್ಲವೆಂಬಂತೆ ಮಾತಾಡಿಸಿದಳು. ಅವನು ಮಾತ್ರ ತನ್ನ ಕೈಯನ್ನೇ ಬೇರೆಯವರದ್ದೆಂಬಂತೆ ನೋಡುತ್ತ ಕುಳಿತಿದ್ದ.

ಅವನು ಅಂದು ಹೇಳಿದ ಮಾತು ನನ್ನನ್ನು ಈ ಬರಹಕ್ಕೆ ಕೂರಿಸಿದ್ದು. "ರಬ್ಬರ್ ಮರವನ್ನು ದಿನಾ ಟ್ಯಾಪ್ ಮಾಡ್ಲಿಕ್ಕಿಲ್ಲ ಭಟ್ರೇ. ಒಂದು ದಿನ ಬಿಟ್ಟು ಒಂದು ದಿನ. ಬಿಡದೆ ಮಾಡಿದ್ರೆ ಪಟ್ಟೆ ಒಣಗಿ ಹಾಲು ನಿಲ್ತದೆ. ನಮ್ಮಲ್ಲಿ ಅದಕ್ಕೆ ಪಟ್ಟಮರಪ್ಪು ಅಂತ ಹೇಳ್ತಾರೆ. ಇವತ್ತು ಈ ತೋಟದ ಮರಕ್ಕೆ ರಜೆ, ನಾಳೆ ಆ ತೋಟದ ಮರಕ್ಕೆ ರಜೆ. ನನ್ನ ಕೈಗೆ ಮಾತ್ರ ಎರಡೂ ದಿನ ಡ್ಯೂಟಿ."

ಮಲಯಾಳದಲ್ಲಿ ಮರಪ್ಪು ಎಂದರೆ ಜೋಮು. ಮರದ ತೊಗಟೆಗೆ ಹಿಡಿದ ಜೋಮು ಎಂದೇ ಆ ರೋಗದ ಹೆಸರು. ಕನ್ನಡದಲ್ಲಿ ನಾವು ಕೈ ಮರಗಟ್ಟಿತು ಎನ್ನುತ್ತೇವೆ. ಅವರು ಮರಕ್ಕೆ ಕೈಯ ರೋಗ ಕೊಟ್ಟರು, ನಾವು ಕೈಗೆ ಮರದ ಸ್ಥಿತಿ ಕೊಟ್ಟೆವು. ಅಕ್ಕಪಕ್ಕದ ಎರಡು ಭಾಷೆಗಳು ಒಂದೇ ಸತ್ಯವನ್ನು ಎರಡು ಕಡೆಯಿಂದ ಹಿಡಿದಿವೆ. ಆದರೆ ಮರದ ಪರವಾಗಿ ತೋಟದ ಧಣಿ ಲೆಕ್ಕ ಇಡುತ್ತಾನೆ, ಯಾಕೆಂದರೆ ಮರ ಒಣಗಿದರೆ ಅವನಿಗೆ ನಷ್ಟ. ಕೈಯ ಪರವಾಗಿ ಲೆಕ್ಕ ಇಡುವವರು ಯಾರು?

ಪುತ್ತೂರಿನ ವೈದ್ಯರೊಬ್ಬರು ಕೈ ನೋಡಿ, ನರದ ಪರೀಕ್ಷೆಗೆ ಮಂಗಳೂರಿಗೆ ಕಳುಹಿಸಿದರು. ಅದುಮಿದ ನರ ಇನ್ನೂ ಸತ್ತಿಲ್ಲ ಎಂದು ವರದಿ ಬಂತು. ರಾತ್ರಿ ಮಣಿಕಟ್ಟು ನೇರ ನಿಲ್ಲುವಂತೆ ಪಟ್ಟಿ ಕಟ್ಟಿ ಮಲಗಬೇಕು, ಕೈಗೆ ಬಿಡುವು ಕೊಡಬೇಕು, ಗುಣವಾಗದಿದ್ದರೆ ಸಣ್ಣ ಆಪರೇಶನ್ ಉಂಟು ಎಂದರು. ಬಿಡುವು ಎಂಬ ಔಷಧಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಮತ್ತು ಅದರಷ್ಟು ದುಬಾರಿಯದ್ದು ಇನ್ನೊಂದಿಲ್ಲ. ಪುಣ್ಯಕ್ಕೆ ಮಳೆ ಹಿಡಿಯಿತು. ಮಳೆಗಾಲದ ಪ್ಲಾಸ್ಟಿಕ್ ಹೊದಿಕೆ ಹಾಕಿದ ತೋಟದ ಕೆಲಸವನ್ನು ತಮ್ಮನಿಗೆ ವಹಿಸಿ, ಉಳಿದದ್ದನ್ನು ನಿಲ್ಲಿಸಿದ. ಗಿಟಾರನ್ನು ಪೂರ್ತಿ ಮುಟ್ಟಲಿಲ್ಲ. ಆ ನಾಲ್ಕು ತಿಂಗಳು ಅವನು ನಮ್ಮಲ್ಲಿಗೆ ಬಂದಾಗಲೆಲ್ಲ ಗೋಡೆಯ ಕಡೆ ನೋಡದೆ ಕೂರುತ್ತಿದ್ದ. ನಾನೂ ಗಿಟಾರಿನ ಮಾತು ತೆಗೆಯುತ್ತಿರಲಿಲ್ಲ. ಕೈ ಮರಳಿ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಕಾಫಿಯ ಹಬೆಯ ಹಾಗೆ ನಮ್ಮಿಬ್ಬರ ನಡುವೆ ಇರುತ್ತಿತ್ತು.

ಬಂತು, ಪೂರ್ತಿಯಾಗಿ ಅಲ್ಲ. ಮುನ್ನೂರು ಮರವನ್ನು ಇನ್ನೂರಕ್ಕೆ ಇಳಿಸಿಕೊಂಡಿದ್ದಾನೆ. ಕತ್ತಿಯ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿಕೊಂಡಿದ್ದಾನೆ. ದಪ್ಪ ಹಿಡಿಗೆ ಬಿಗಿ ಹಿಡಿತ ಬೇಡ. ಐವತ್ತು ಮರಕ್ಕೊಮ್ಮೆ ಕತ್ತಿ ಕೆಳಗಿಟ್ಟು ಕೈ ಇಳಿಬಿಟ್ಟು ನಿಲ್ಲುತ್ತಾನೆ. ಆರ್ಕೆಸ್ಟ್ರಾ ಇಲ್ಲ, ಭಾನುವಾರ ಇಗರ್ಜಿಯಲ್ಲಿ ಮಾತ್ರ, ನೈಲಾನ್ ತಂತಿಯ ಗಿಟಾರಿನಲ್ಲಿ. ಸಂಪಾದನೆ ಕಡಿಮೆಯಾಗಿದೆ, ಸೊಸೈಟಿಯ ಕಂತು ಉದ್ದವಾಗಿದೆ. "ಮಗುವನ್ನು ಎತ್ತಿಕೊಂಡರೆ ಕೈಗೆ ಗೊತ್ತಾಗ್ತದೆ ಈಗ" ಎಂದು ಹೇಳಿದ. ಅದರ ಬೆಲೆ ಯಾವ ಲೆಕ್ಕದಲ್ಲಿ ಬರೆಯುವುದು?

ನನ್ನ ಪಾಠ ಮತ್ತೆ ಸುರುವಾಗಿದೆ. ಇಪ್ಪತ್ತು ನಿಮಿಷ ಆದ ಕೂಡಲೇ ಮಾಷ್ಟ್ರು "ಇಳಿಸಿ" ಎನ್ನುತ್ತಾರೆ. ಹಾಡು ಅರ್ಧದಲ್ಲಿದ್ದರೂ ಸರಿ. ಆಗ ಇಬ್ಬರೂ ಗಿಟಾರ್ ಬದಿಗಿಟ್ಟು, ಕೈಗಳನ್ನು ತೊಡೆಯ ಮೇಲೆ ಅಂಗಾತ ಹಾಕಿ, ಅಂಗಳದಲ್ಲಿ ಒಣಗುವ ಅಡಕೆಯನ್ನು ನೋಡುತ್ತ ಸುಮ್ಮನೆ ಕೂರುತ್ತೇವೆ. ದಾರಿಯಲ್ಲಿ ಹೋಗುವವರಿಗೆ ಇವರು ಭಿಕ್ಷೆ ಬೇಡುತ್ತಿದ್ದಾರೋ ಎಂದು ಕಂಡರೂ ಕಾಣಬಹುದು. ಕಾಣಲಿ. ಕೇಳಿದರೆ, ಕೈಗೆ ರಜೆ ಎಂದು ಹೇಳುತ್ತೇನೆ.